ಅಮೆರಿಕದ ಕೌಂಟಿ ಕೋರ್ಟಿನಿಂದ ಡಿವೋರ್ಸ್ ಡಿಕ್ರಿ ತರಿಸುವುದು: ನಾನು ಅನುಸರಿಸುವ ಕ್ರಮ

ಬೆಂಗಳೂರಿನಲ್ಲಿ ಮರುಮದುವೆ ನೋಂದಣಿಗೋ ಪಾಸ್‌ಪೋರ್ಟಿನಿಂದ ಸಂಗಾತಿಯ ಹೆಸರು ತೆಗೆಸುವುದಕ್ಕೋ ಹೋದವರಿಗೆ ‘ಅಮೆರಿಕದ ಡಿವೋರ್ಸ್ ಸರ್ಟಿಫಿಕೇಟ್ ತನ್ನಿ’ ಅನ್ನುತ್ತಾರೆ. ಅದೇ ಮಾತನ್ನು ಕ್ಯಾಲಿಫೋರ್ನಿಯಾದ ಕೋರ್ಟಿಗೆ ಬರೆದರೆ ಕೆಲಸ ಅಲ್ಲೇ ನಿಲ್ಲುತ್ತದೆ. ಅಲ್ಲಿ ವಿಚ್ಛೇದನವನ್ನು ಸಾಬೀತು ಮಾಡುವ ಕಾಗದ ಪ್ರಮಾಣಪತ್ರವಲ್ಲ, ತೀರ್ಪು, ಅಂದರೆ ಡಿಕ್ರಿ. ಅದರ ನಮೂನೆ ಸಂಖ್ಯೆ ಎಫ್‌ಎಲ್-180, ತಲೆಬರಹ ‘ಜಡ್ಜ್‌ಮೆಂಟ್’. ನಮಗೆ ಬೇಕಾದದ್ದು ಅದರ ಸರ್ಟಿಫೈಡ್ ಕಾಪಿ. ಈ ಎರಡು ಪದಗಳನ್ನು ಸರಿಯಾಗಿ ಬರೆದರೆ ಅರ್ಧ ಕೆಲಸ ಆದಂತೆ.

ಇದು ಇರುವುದು ಅರ್ಜಿ ಹಾಕಿದ ಕೌಂಟಿಯ (ನಮ್ಮ ಜಿಲ್ಲೆಯಂಥ ವಿಭಾಗ) ಸುಪೀರಿಯರ್ ಕೋರ್ಟಿನಲ್ಲಿ ಮಾತ್ರ. ಕ್ಯಾಲಿಫೋರ್ನಿಯಾದಲ್ಲಿ 58 ಕೌಂಟಿಗಳು, ಪ್ರತಿಯೊಂದಕ್ಕೂ ಒಂದು ಸುಪೀರಿಯರ್ ಕೋರ್ಟ್. ಮದುವೆ ಪ್ರಮಾಣಪತ್ರ ಕೊಡುವ ಕೌಂಟಿ ಕ್ಲರ್ಕ್-ರೆಕಾರ್ಡರ್ ಕಚೇರಿ ಬೇರೆ, ಅವರ ಬಳಿ ವಿಚ್ಛೇದನದ ಕಡತ ಇರುವುದಿಲ್ಲ. ರಾಜ್ಯದ ಸಾರ್ವಜನಿಕ ಆರೋಗ್ಯ ಇಲಾಖೆಯ ಬಳಿ 1962ರಿಂದ 1984ರ ಜೂನ್‌ವರೆಗಿನ ದಾಖಲೆ ಇದೆ. ಆದರೆ ಅವರು ಕೊಡುವ ‘ಸರ್ಟಿಫಿಕೇಟ್ ಆಫ್ ರೆಕಾರ್ಡ್’ನಲ್ಲಿ ಹೆಸರು, ಅರ್ಜಿ ಹಾಕಿದ ದಿನ, ಕೌಂಟಿ ಮತ್ತು ಕೇಸ್ ನಂಬರ್ ಇಷ್ಟೇ. ಅದು ಬರುವುದಕ್ಕೆ ಆರು ತಿಂಗಳಿಗೂ ಹೆಚ್ಚು ಹಿಡಿಯಬಹುದು. ತೀರಾ ಹಳೆಯ ಪ್ರಕರಣದ ಕೌಂಟಿ ಯಾವುದೆಂದೇ ಗೊತ್ತಿಲ್ಲದಾಗ ಬಿಟ್ಟರೆ ನಾನು ಆ ದಾರಿ ಹಿಡಿಯುವುದಿಲ್ಲ.

ಕೌಂಟಿ ಗುರುತಿಸಲು ಒಂದು ಸುಲಭದ ಲೆಕ್ಕವಿದೆ. ಅಲ್ಲಿ ವಿಚ್ಛೇದನಕ್ಕೆ ಅರ್ಜಿ ಹಾಕಬೇಕಾದರೆ ದಂಪತಿಯಲ್ಲಿ ಒಬ್ಬರಾದರೂ ಆ ರಾಜ್ಯದಲ್ಲಿ ಆರು ತಿಂಗಳು, ಆ ಕೌಂಟಿಯಲ್ಲಿ ಮೂರು ತಿಂಗಳು ವಾಸವಿದ್ದಿರಬೇಕು. ಮದುವೆ ಮೈಸೂರಿನಲ್ಲಿ ಆಗಿತ್ತೋ ಧಾರವಾಡದಲ್ಲೋ ಎಂಬುದು ಲೆಕ್ಕಕ್ಕಿಲ್ಲ. ಅರ್ಜಿಗೆ ಮುಂಚಿನ ಮೂರು ತಿಂಗಳು ಇಬ್ಬರಲ್ಲಿ ಒಬ್ಬರು ಎಲ್ಲಿದ್ದರು ಎಂದು ಕೇಳಿ. ಸನ್ನಿವೇಲ್, ಕ್ಯುಪರ್ಟಿನೊ, ಸ್ಯಾನ್ ಹೋಸೆ ಎಂದರೆ ಸಾಂಟಾ ಕ್ಲಾರಾ ಕೌಂಟಿ. ಫ್ರೀಮಾಂಟ್, ಡಬ್ಲಿನ್, ಪ್ಲೆಸೆಂಟನ್ ಎಂದರೆ ಅಲಮೇಡಾ. ಸ್ಯಾನ್ ರಮೋನ್ ಪಕ್ಕದಲ್ಲೇ ಇದ್ದರೂ ಅದು ಕಾಂಟ್ರಾ ಕೋಸ್ಟಾ. ಬೇರ್ಪಟ್ಟ ಮೇಲೆ ಒಬ್ಬರು ಮನೆ ಬದಲಿಸಿರುತ್ತಾರಾದ್ದರಿಂದ ಎರಡೂ ವಿಳಾಸಗಳ ಕೌಂಟಿಯಲ್ಲಿ ಹುಡುಕಬೇಕು.

ಮುಂದಿನದು ಕೇಸ್ ನಂಬರ್. ಬಹಳಷ್ಟು ಕೋರ್ಟುಗಳ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಬಹುದು, ಕೆಲವು ಇದಕ್ಕೂ ಹಣ ಕೇಳುತ್ತವೆ. ನಂಬರ್ ಇಲ್ಲದೆ ಕಾಗದ ಬರೆದರೆ ಕ್ಲರ್ಕ್ ಹುಡುಕಬೇಕಾಗುತ್ತದೆ. ಹುಡುಕಾಟ ಹತ್ತು ನಿಮಿಷ ಮೀರಿದರೆ 15 ಡಾಲರ್ ಶುಲ್ಕ ಬೀಳುತ್ತದೆ.

ನಮ್ಮ ಕನ್ನಡದ ಹೆಸರುಗಳು ಸಿಕ್ಕಿಬೀಳುವುದು ಇಲ್ಲೇ. ಹುಡುಕಿದರೆ ‘ದಾಖಲೆ ಇಲ್ಲ’ ಎಂದು ಬಂದ ಮಾತ್ರಕ್ಕೆ ನಂಬಬೇಡಿ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಬಿಟ್ಟವರಿಗೆ ಅಮೆರಿಕದ ವೀಸಾದಲ್ಲಿ ಇಡೀ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್, ಮೊದಲ ಹೆಸರು ಗೊತ್ತಿಲ್ಲ) ಎಂದು ಕೂರುತ್ತದೆ. ಎಷ್ಟೋ ಸಲ ಕೋರ್ಟಿನ ಕಡತಕ್ಕೂ ಅದೇ ಹೋಗಿರುತ್ತದೆ. ಹೊಸಹಳ್ಳಿ ರಾಮಪ್ಪ ಮಂಜುನಾಥ ಎಂಬ ಹೆಸರು ಇದ್ದರೆ ಹೊಸಹಳ್ಳಿ, ರಾಮಪ್ಪ, ಮಂಜುನಾಥ ಈ ಮೂರನ್ನೂ ಒಂದೊಂದಾಗಿ ಸರ್‌ನೇಮ್ ಎಂದು ಹಾಕಿ ನೋಡುತ್ತೇನೆ. ಕೊನೆಯ ‘ಎ’ ಅಕ್ಷರ ಇದ್ದೂ ಇಲ್ಲದೆಯೂ, ಶೆಟ್ಟಿಗೆ ‘ಎಸ್’ ಒಂದೇ ಹಾಕಿಯೂ ‘ಎಸ್‌ಎಚ್’ ಹಾಕಿಯೂ, ತ-ಥ ಅಕ್ಷರಗಳಿಗೆ ‘ಎಚ್’ ಸೇರಿಸಿಯೂ ಬಿಟ್ಟೂ ಹುಡುಕಬೇಕು. ಹೆಂಡತಿಯ ಹೆಸರಿಗೆ ತವರಿನದ್ದು, ಗಂಡನ ಹೆಸರು ಸೇರಿದ್ದು ಎರಡನ್ನೂ ನೋಡಬೇಕು. ಕೊನೆಗೂ ಸಿಗದಿದ್ದರೆ ಇಬ್ಬರಲ್ಲಿ ಯಾರ ಹೆಸರು ಹೆಚ್ಚು ಅಪರೂಪದ್ದೋ ಅದರಿಂದ ಶುರು ಮಾಡಿ. ಅರ್ಜಿದಾರರು ಯಾರು, ಪ್ರತಿವಾದಿ ಯಾರು ಎಂಬುದು ಹುಡುಕಾಟಕ್ಕೆ ಮುಖ್ಯವಲ್ಲ.

ನಂಬರ್ ಸಿಕ್ಕ ಮೇಲೆ ‘ರಿಜಿಸ್ಟರ್ ಆಫ್ ಆಕ್ಷನ್ಸ್’ ತೆರೆದು ಓದಿ. ಕಡತಕ್ಕೆ ಬಂದ ಪ್ರತಿಯೊಂದು ಕಾಗದವೂ ಅಲ್ಲಿ ದಿನಾಂಕದ ಸಮೇತ ಇರುತ್ತದೆ. ಕೌಟುಂಬಿಕ ಪ್ರಕರಣಗಳಲ್ಲಿ ಸಾರ್ವಜನಿಕರಿಗೆ ದೂರದಿಂದ ಈ ಪಟ್ಟಿಯಷ್ಟೇ ಕಾಣುತ್ತದೆ, ಕಾಗದಗಳ ಒಳಗನ್ನು ನೋಡಲು ಕೋರ್ಟಿನ ಕಟ್ಟಡದಲ್ಲಿರುವ ಕಂಪ್ಯೂಟರಿಗೇ ಹೋಗಬೇಕು. ಪಟ್ಟಿಯಲ್ಲಿ ‘ಜಡ್ಜ್‌ಮೆಂಟ್’ ದಾಖಲಾದ ಸಾಲು ಇದೆಯೇ ಎಂಬುದನ್ನು ಮೊದಲು ನೋಡುತ್ತೇನೆ. ಅರ್ಜಿ ಹಾಕಿ, ನೋಟಿಸ್ ಮುಟ್ಟಿಸಿ, ಆರು ತಿಂಗಳು ಕಳೆದ ಮಾತ್ರಕ್ಕೆ ಡಿವೋರ್ಸ್ ತಾನಾಗಿ ಆಯಿತು ಎಂದುಕೊಂಡವರು ಇದ್ದಾರೆ. ಹಾಗಾಗುವುದಿಲ್ಲ. ತೀರ್ಪಿನ ಕಾಗದಗಳನ್ನು ಸಲ್ಲಿಸಿ, ನ್ಯಾಯಾಧೀಶರ ಸಹಿ ಬಿದ್ದು, ದಾಖಲಾಗಬೇಕು. ಸಲ್ಲಿಸಿದ ಕಟ್ಟನ್ನು ಕ್ಲರ್ಕ್ ತಪ್ಪು ತೋರಿಸಿ ವಾಪಸ್ ಕಳಿಸಿದ್ದು ಹಾಗೇ ಉಳಿದಿದ್ದರೆ ಅವರಿನ್ನೂ ಕಾನೂನಿನ ಕಣ್ಣಲ್ಲಿ ದಂಪತಿಯೇ. ಅಂಥ ಕಡತಕ್ಕೆ ನಕಲು ಕೇಳುವ ಪ್ರಶ್ನೆಯೇ ಇಲ್ಲ, ವಕೀಲರ ಹತ್ತಿರ ಹೋಗಬೇಕು.

ದಿನಾಂಕದ ವಿಷಯದಲ್ಲೂ ಎಚ್ಚರ ಬೇಕು. ತೀರ್ಪು ದಾಖಲಾದ ದಿನ ಒಂದು, ವೈವಾಹಿಕ ಸ್ಥಿತಿ ಮುಗಿಯುವ ದಿನ ಇನ್ನೊಂದು ಆಗಿರಬಹುದು. ನೋಟಿಸ್ ಮುಟ್ಟಿದ ಅಥವಾ ಪ್ರತಿವಾದಿ ಹಾಜರಾದ ದಿನದಿಂದ ಆರು ತಿಂಗಳು ತುಂಬುವ ಮೊದಲು ಮದುವೆ ಕೊನೆಗೊಳ್ಳುವುದಿಲ್ಲ, ತೀರ್ಪು ಅದಕ್ಕೂ ಮುಂಚೆ ಬಂದಿದ್ದರೂ ಸರಿ. ಎಫ್‌ಎಲ್-180ರಲ್ಲಿ 4ನೇ ಅಂಶದಲ್ಲಿರುವ ದಿನಾಂಕವೇ ಲೆಕ್ಕಕ್ಕೆ ಬರುವುದು. ಊರಿನಲ್ಲಿ ಅರ್ಜಿ ತುಂಬುವಾಗ ಕೋರ್ಟಿನ ಮೊಹರಿನ ದಿನಾಂಕ ಬರೆದುಬಿಟ್ಟರೆ ಕಾಗದಗಳು ಒಂದಕ್ಕೊಂದು ತಾಳೆಯಾಗದೆ ತಿರುಗಿ ಬರುತ್ತವೆ. ಆಸ್ತಿಯ ವ್ಯಾಜ್ಯ ಬಾಕಿ ಇಟ್ಟು ವೈವಾಹಿಕ ಸ್ಥಿತಿಯನ್ನಷ್ಟೇ ಮೊದಲು ಮುಗಿಸಿಕೊಂಡ ಪ್ರಕರಣಗಳಲ್ಲಿ ಎರಡು ತೀರ್ಪುಗಳಿರುತ್ತವೆ. ಆಗ ಎರಡನ್ನೂ ತರಿಸಿ.

ಕೋರ್ಟಿನಿಂದ ಮನೆಗೆ ಬಂದಿದ್ದ ಎಫ್‌ಎಲ್-190 ತೀರ್ಪಲ್ಲ. ಅದು ತೀರ್ಪು ದಾಖಲಾಗಿದೆ ಎಂಬ ತಿಳಿವಳಿಕೆ ಪತ್ರ. ವಕೀಲರು ಕೊಟ್ಟ, ‘ಫೈಲ್ಡ್’ ಎಂಬ ಮುದ್ರೆಯ ಪ್ರತಿಯೂ ಸರ್ಟಿಫೈಡ್ ಕಾಪಿ ಅಲ್ಲ. ಕ್ಲರ್ಕ್‌ನ ದೃಢೀಕರಣದ ಒಕ್ಕಣೆ, ಸಹಿ, ದಿನಾಂಕ, ಕೋರ್ಟಿನ ಮೊಹರು ಇವೆಲ್ಲ ಇರಬೇಕು.

ಶುಲ್ಕ ಹೀಗೆ: ವಿಚ್ಛೇದನದ ತೀರ್ಪಿನ ಪ್ರಮಾಣೀಕರಣಕ್ಕೆ 15 ಡಾಲರ್, ನಕಲಿಗೆ ಪುಟಕ್ಕೆ 50 ಸೆಂಟ್. ಒಪ್ಪಂದ ಲಗತ್ತಾಗಿರುವ 28 ಪುಟದ ತೀರ್ಪಾದರೆ 14 ಸೇರಿಸಿ 29 ಡಾಲರ್ ಎಂದು ಲೆಕ್ಕ ಇಟ್ಟುಕೊಳ್ಳುತ್ತೇನೆ. ಲಗತ್ತು ಬಿಟ್ಟು ಮೊದಲ ಎರಡು ಪುಟ ಸಾಕು ಎಂದು ಉಳಿತಾಯಕ್ಕೆ ಹೋಗಬೇಡಿ. ‘ಲಗತ್ತು ನೋಡಿ’ ಎಂದು ಬರೆದಿರುವ ತೀರ್ಪನ್ನು ಲಗತ್ತಿಲ್ಲದೆ ಒಯ್ದರೆ ಊರಿನ ವಕೀಲರು ಮೊದಲು ಕೇಳುವುದೇ ಅದನ್ನು. ಎರಡು ಪ್ರತಿ ತರಿಸುವುದು ನನ್ನ ರೂಢಿ. ಒಂದು ಅಪಾಸ್ಟಿಲ್‌ಗೆ (ಬೇರೆ ದೇಶದಲ್ಲಿ ಒಪ್ಪುವಂತೆ ದಾಖಲೆಯ ಸಹಿ, ಮೊಹರನ್ನು ಸರ್ಕಾರ ದೃಢೀಕರಿಸಿ ಕೊಡುವ ಪತ್ರ), ಇನ್ನೊಂದು ಹಾಗೇ ಮನೆಯಲ್ಲಿ.

ಅಂಚೆಯಲ್ಲಿ ಕೇಳುವುದಾದರೆ ಪತ್ರ ಚಿಕ್ಕದಿರಲಿ. ಕೇಸ್ ನಂಬರ್, ಕಡತದಲ್ಲಿರುವಂತೆಯೇ ಇಬ್ಬರ ಹೆಸರು, ತೀರ್ಪು ದಾಖಲಾದ ದಿನ, ‘ಎಫ್‌ಎಲ್-180, ಎಲ್ಲ ಲಗತ್ತುಗಳ ಸಮೇತ, ಸರ್ಟಿಫೈಡ್, ಎರಡು ಪ್ರತಿ’ ಎಂಬ ಸಾಲು, ಫೋನ್ ಮತ್ತು ಇಮೇಲ್. ಅಪಾಸ್ಟಿಲ್‌ಗಾಗಿ ಬೇಕು ಎಂದೂ ಬರೆಯಿರಿ, ಸಹಿ ಯಾರದ್ದಿರಬೇಕು ಎಂದು ಅವರಿಗೆ ತಿಳಿಯುತ್ತದೆ. ಪುಟಗಳ ಎಣಿಕೆ ಗೊತ್ತಿಲ್ಲದಾಗ ಚೆಕ್ಕಿನಲ್ಲಿ ಮೊತ್ತ ಖಾಲಿ ಬಿಟ್ಟು, ‘60 ಡಾಲರಿಗೆ ಮೀರದಂತೆ’ ಎಂದು ಇಂಗ್ಲಿಷಿನಲ್ಲಿ ಬರೆಯುವ ಪದ್ಧತಿ ಇದೆ. ಆ ಕೋರ್ಟು ಅದನ್ನು ಒಪ್ಪುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಮರುಲಕೋಟೆ ಕಡ್ಡಾಯವಾಗಿ ಇರಲಿ, 9ಕ್ಕೆ 12 ಇಂಚಿನದು, ಮೊಹರಿನ ಮೇಲೆ ಮಡಿಕೆ ಬೀಳಬಾರದು. ಅಂಚೆಚೀಟಿ ಕಡಿಮೆ ಬಿದ್ದರೆ ಕಾಗದ ಅಲ್ಲೇ ಉಳಿಯುತ್ತದೆ.

ಕರ್ನಾಟಕದಿಂದ ಬರೆಯುವವರಿಗೆ ತೊಡಕು ಎರಡು: ನಮ್ಮ ಬ್ಯಾಂಕಿನ ರೂಪಾಯಿ ಚೆಕ್ಕು ಅಲ್ಲಿ ನಡೆಯುವುದಿಲ್ಲ, ನಮ್ಮ ಅಂಚೆಚೀಟಿಯೂ ನಡೆಯುವುದಿಲ್ಲ. ಆನ್‌ಲೈನ್ ಪಾವತಿ ಇಲ್ಲದ ಕೋರ್ಟಾದರೆ ಅಲ್ಲಿರುವ ನೆಂಟರ ಕೈಯಲ್ಲಿ ಚೆಕ್ಕು ಬರೆಸಿ, ಮರುಲಕೋಟೆಗೆ ಅವರದೇ ವಿಳಾಸ ಹಾಕಿಸಿ. ಮುಂದೆ ಅಪಾಸ್ಟಿಲ್‌ಗೂ ಅದು ಅಮೆರಿಕದಲ್ಲೇ ಇರಬೇಕಾದ್ದರಿಂದ ಇದೇ ಅನುಕೂಲ. ನೆಂಟರು ನೇರ ಕೌಂಟರಿಗೂ ಹೋಗಬಹುದು. ಕ್ಯಾಲಿಫೋರ್ನಿಯಾದಲ್ಲಿ ವಿಚ್ಛೇದನದ ತೀರ್ಪು ಸಾಮಾನ್ಯವಾಗಿ ಸಾರ್ವಜನಿಕ ದಾಖಲೆ. ಸಾಂಟಾ ಕ್ಲಾರಾ ಕೌಂಟಿಯ ಕೌಟುಂಬಿಕ ನ್ಯಾಯಾಲಯ ಸ್ಯಾನ್ ಹೋಸೆಯ ನಾರ್ತ್ ಫಸ್ಟ್ ಸ್ಟ್ರೀಟಿನಲ್ಲಿದೆ. ಹಳೆಯ ಕಡತ ಬೇರೆ ಗೋದಾಮಿನಲ್ಲೋ ಮೈಕ್ರೋಫಿಲ್ಮಿನಲ್ಲೋ ಇದ್ದರೆ ಒಂದೇ ಭೇಟಿಯಲ್ಲಿ ಸಿಗದು.

ಬೇರೆ ರಾಜ್ಯಗಳಲ್ಲಿ ಕಚೇರಿಯ ಹೆಸರೇ ಬದಲಾಗುತ್ತದೆ. ಟೆಕ್ಸಸ್‌ನಲ್ಲಿ ಡಿಸ್ಟ್ರಿಕ್ಟ್ ಕ್ಲರ್ಕ್ ಬಳಿ ಹೋಗಬೇಕು, ಕೌಂಟಿ ಕ್ಲರ್ಕ್ ಬಳಿ ಇರುವುದು ಮದುವೆಯ ದಾಖಲೆ. ರಾಜ್ಯ ಕಚೇರಿ 1968ರಿಂದೀಚಿನ ಪ್ರಕರಣಗಳಿಗೆ ದೃಢೀಕರಣ ಪತ್ರ ಕೊಡುತ್ತದಾದರೂ ಅದು ಡಿಕ್ರಿಯ ಜಾಗ ತುಂಬುವುದಿಲ್ಲ. ಇಲಿನಾಯ್‌ನಲ್ಲಿ ಸರ್ಕ್ಯೂಟ್ ಕೋರ್ಟಿನ ಕ್ಲರ್ಕ್. ನ್ಯೂಯಾರ್ಕಿನಲ್ಲಿ ವಿಚ್ಛೇದನ ಕೊಡುವುದು ಸುಪ್ರೀಂ ಕೋರ್ಟ್ (ಆ ರಾಜ್ಯದಲ್ಲಿ ಇದು ವಿಚಾರಣಾ ಕೋರ್ಟಿನ ಹೆಸರು), ಕಡತ ಇಡುವುದು ಕೌಂಟಿ ಕ್ಲರ್ಕ್. ಅಲ್ಲಿ 100 ವರ್ಷ ಕಡತ ಗೋಪ್ಯ. ದಂಪತಿ ಮತ್ತು ಅವರ ವಕೀಲರನ್ನು ಬಿಟ್ಟು ಬೇರೆಯವರಿಗೆ ಕೋರ್ಟಿನ ಆದೇಶ ಬೇಕು. ಹಾಗಾಗಿ ನೆಂಟರನ್ನು ಕಳಿಸುವ ಮುಂಚೆ ನೋಟರಿ ಮಾಡಿದ ಅಧಿಕಾರ ಪತ್ರದ ನಿಯಮವನ್ನು ಆ ಕೌಂಟಿಯಲ್ಲಿ ಕೇಳಿಕೊಳ್ಳಿ.

ಪ್ರತಿ ಕೈಗೆ ಬಂದ ಮೇಲೆ ಸ್ಟೇಪ್ಲರ್ ಪಿನ್ ಬಿಚ್ಚಬೇಡಿ. ಝೆರಾಕ್ಸ್ ಅಂಗಡಿಯಲ್ಲಿ ಮೊದಲು ಮಾಡುವುದೇ ಪಿನ್ ಕೀಳುವುದು. ಒಮ್ಮೆ ಬಿಚ್ಚಿದರೆ ಪುಟ ಬದಲಾಗಿಲ್ಲ ಎಂಬುದಕ್ಕೆ ಆಧಾರವೇ ಹೋಗುತ್ತದೆ, ಮತ್ತೆ ಹಣ ಕಟ್ಟಿ ಹೊಸದು ತರಿಸಬೇಕು. ಪುಟ ಮಡಚಿ ಹಾಗೇ ಸ್ಕ್ಯಾನ್ ಮಾಡಿಸಿ.

ಅಪಾಸ್ಟಿಲ್ ಕೊಡುವುದು ಆಯಾ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್. ಕ್ಯಾಲಿಫೋರ್ನಿಯಾದಲ್ಲಿ ಒಂದಕ್ಕೆ 20 ಡಾಲರ್. ಸ್ಯಾಕ್ರಮೆಂಟೊ ಅಥವಾ ಲಾಸ್ ಏಂಜಲಿಸ್ ಕಚೇರಿಗೆ ಖುದ್ದಾಗಿ ಹೋದರೆ ಸಹಿಗೆ 6 ಡಾಲರ್ ಹೆಚ್ಚು. ಯಾವ ದೇಶಕ್ಕೆ ಎಂಬ ಜಾಗದಲ್ಲಿ ಭಾರತ ಎಂದು ಬರೆಯಿರಿ. ಡಿಕ್ರಿಯ ಝೆರಾಕ್ಸ್‌ಗೆ ನೋಟರಿ ಮಾಡಿಸಿ ಅಪಾಸ್ಟಿಲ್‌ಗೆ ಕಳಿಸುವುದು ತಪ್ಪು ದಾರಿ. ಕ್ಯಾಲಿಫೋರ್ನಿಯಾದ ನೋಟರಿಗೆ ಕೋರ್ಟಿನ ದಾಖಲೆಯ ನಕಲನ್ನು ದೃಢೀಕರಿಸುವ ಅಧಿಕಾರವೇ ಇಲ್ಲ. ಊರಿಗೆ ತಂದು ಇಲ್ಲಿನ ವಿದೇಶಾಂಗ ಸಚಿವಾಲಯದಲ್ಲಿ ಅಪಾಸ್ಟಿಲ್ ಮಾಡಿಸುತ್ತೇವೆ ಎನ್ನುವವರಿದ್ದಾರೆ. ಅದು ಭಾರತದ ಕಾಗದಗಳಿಗೆ ಮಾತ್ರ.

ಇಲ್ಲಿಗೆ ಕೆಲಸ ಮುಗಿಯಿತೆಂದು ನಾನು ಯಾರಿಗೂ ಹೇಳುವುದಿಲ್ಲ. ಹಿಂದೂ ವಿವಾಹ ಕಾಯ್ದೆಯಂತೆ ಮದುವೆಯಾದವರ ಅಮೆರಿಕದ ಡಿಕ್ರಿಯನ್ನು ಭಾರತ ಯಾವಾಗ ಒಪ್ಪುತ್ತದೆ ಎಂಬುದನ್ನು ಸುಪ್ರೀಂ ಕೋರ್ಟ್ 1991ರಲ್ಲಿ ವಿವರಿಸಿತು. ಆ ಪ್ರಕರಣದಲ್ಲಿದ್ದದ್ದು ಮಿಸೌರಿಯ ಸೇಂಟ್ ಲೂಯಿಸ್ ಕೌಂಟಿಯ ಸರ್ಕ್ಯೂಟ್ ಕೋರ್ಟು ಕೊಟ್ಟ ಡಿಕ್ರಿ. ಡೆಪ್ಯುಟಿ ಕ್ಲರ್ಕ್ ದೃಢೀಕರಿಸಿದ ನಕಲು ಹಾಜರಾಗಿತ್ತು. ಅಮೆರಿಕದಲ್ಲಿರುವ ಭಾರತ ಸರ್ಕಾರದ ಪ್ರತಿನಿಧಿಯ ದೃಢೀಕರಣ ಇಲ್ಲದ್ದರಿಂದ ಅದನ್ನು ಸಾಕ್ಷ್ಯವಾಗಿ ಸ್ವೀಕರಿಸಲಾಗದು ಎಂದಿತು ಕೋರ್ಟು. ಅಪಾಸ್ಟಿಲ್ ಒಪ್ಪಂದ ಭಾರತದಲ್ಲಿ ಜಾರಿಗೆ ಬಂದದ್ದು 2005ರ ಜುಲೈ 14ರಂದು, ಆ ತೀರ್ಪಿನ ಎಷ್ಟೋ ವರ್ಷಗಳ ಮೇಲೆ. ಆದರೂ ಡಿಕ್ರಿಯನ್ನು ಇಲ್ಲಿನ ಕೋರ್ಟಿಗೆ ಹಾಜರುಪಡಿಸುವುದಿದ್ದರೆ ಅಪಾಸ್ಟಿಲ್ ಸಾಕೇ, ಕಾನ್ಸುಲೇಟಿನ ದೃಢೀಕರಣವೂ ಬೇಕೇ ಎಂದು ನಿಮ್ಮ ವಕೀಲರನ್ನು ಮೊದಲೇ ಕೇಳಿ.

ಅದೇ ತೀರ್ಪಿನ ಇನ್ನೊಂದು ಭಾಗ ಹೆಚ್ಚು ಮುಖ್ಯ. ಕ್ಯಾಲಿಫೋರ್ನಿಯಾದಲ್ಲಿ ‘ಹೊಂದಾಣಿಕೆಯಾಗದ ಭಿನ್ನಾಭಿಪ್ರಾಯ’ ಎಂಬ ಕಾರಣಕ್ಕೇ ಡಿವೋರ್ಸ್ ಸಿಗುತ್ತದೆ, ನಮ್ಮ ಹಿಂದೂ ವಿವಾಹ ಕಾಯ್ದೆಯಲ್ಲಿ ಆ ಕಾರಣವಿಲ್ಲ. ಆಗ ಇನ್ನೊಬ್ಬರು ಸ್ವಇಚ್ಛೆಯಿಂದ ಆ ಕೋರ್ಟಿನ ಅಧಿಕಾರಕ್ಕೆ ಒಳಪಟ್ಟು ಒಪ್ಪಿಗೆ ಕೊಟ್ಟಿದ್ದರೇ ಎಂಬುದು ಇಲ್ಲಿ ಪ್ರಶ್ನೆಯಾಗುತ್ತದೆ. ಎಫ್‌ಎಲ್-180 ಒಂದರಿಂದ ಅದು ಪೂರ್ತಿ ಕಾಣುವುದಿಲ್ಲ. ಅದಕ್ಕೇ ನಾನು ಅದೇ ಪತ್ರದಲ್ಲಿ ಪ್ರತಿವಾದಿಯ ಉತ್ತರವಾದ ಎಫ್‌ಎಲ್-120, ಇಲ್ಲವೇ ಇಬ್ಬರೂ ಸಹಿ ಹಾಕಿದ ಎಫ್‌ಎಲ್-130, ಜೊತೆಗೆ ನೋಟಿಸ್ ಮುಟ್ಟಿದ್ದನ್ನು ತೋರಿಸುವ ಎಫ್‌ಎಲ್-115 ಕೇಳುತ್ತೇನೆ. ತೀರ್ಪಿನ ಹೊರತಾದ ಇಂಥ ಕಾಗದಗಳ ಪ್ರಮಾಣೀಕರಣಕ್ಕೆ ತಲಾ 40 ಡಾಲರ್ ಬೀಳುವುದರಿಂದ ಮೊದಲು ಪುಟಕ್ಕೆ 50 ಸೆಂಟಿನ ಸಾದಾ ನಕಲು ತರಿಸಿ ವಕೀಲರಿಗೆ ತೋರಿಸಿ, ಅವರು ಬೇಕೆಂದ ಕಾಗದವನ್ನಷ್ಟೇ ಸರ್ಟಿಫೈ ಮಾಡಿಸಿ. ಎಫ್‌ಎಲ್-120 ಅಥವಾ ಎಫ್‌ಎಲ್-130ರ ಬದಲು ರಿಜಿಸ್ಟರಿನಲ್ಲಿ ಎಫ್‌ಎಲ್-165, ಅಂದರೆ ಪ್ರತಿವಾದಿಯ ಗೈರುಹಾಜರಿ ದಾಖಲಿಸುವ ಕೋರಿಕೆ ಕಂಡರೆ ಮದುವೆಯ ದಿನ ಗೊತ್ತುಮಾಡುವ ಮೊದಲೇ ಊರಿನ ಕೌಟುಂಬಿಕ ವಕೀಲರ ಬಳಿ ಕಡತ ಒಯ್ಯಿರಿ.