ಶುಗರ್ ಇರೋರು ನೇರಳೆ, ಸ್ಟ್ರಾಬೆರ್ರಿ, ಬ್ಲೂಬೆರ್ರಿ ಹೇಗೆ ತಿನ್ಬೇಕು?

ನೇರಳೆ ಹಣ್ಣಿನ ಸೀಸನ್ ಬಂದ್ರೆ ಸಾಕು, ತಿಂದ್ರೆ ಶುಗರ್ ಮಾಯ ಅನ್ನೋ ವಾಟ್ಸಾಪ್ ಮೆಸೇಜುಗಳು ಶುರು, ಈಗ ಅದರ ಜೊತೆ ಬ್ಲೂಬೆರ್ರಿ ಸ್ಟ್ರಾಬೆರ್ರಿನೂ ಸೇರ್ಕೊಂಡಿದೆ. ಇವು ಔಷಧಿ ಅಲ್ಲ, ಅದನ್ನ ಮೊದಲೇ ಹೇಳ್ಬಿಡ್ತೀನಿ. ಆದ್ರೆ ಶುಗರ್ ಅಂತ ಹೆದರಿ ಹಣ್ಣನ್ನೇ ಬಿಟ್ಟಿರೋರಿಗೆ ಇವುಗಳಷ್ಟು ಅನುಕೂಲವಾದ ಸಿಹಿ ಸಿಗೋದು ಕಷ್ಟ.

ಲೆಕ್ಕ ನೋಡಿ. 100 ಗ್ರಾಂ ಬಾಳೆಹಣ್ಣಲ್ಲಿ ಕಾರ್ಬ್ಸ್ (ಸಕ್ಕರೆ, ಪಿಷ್ಟದ ಅಂಶ) ಸುಮಾರು 23 ಗ್ರಾಂ, ಬ್ಲೂಬೆರ್ರಿಯಲ್ಲಿ 14, ಸ್ಟ್ರಾಬೆರ್ರಿಯಲ್ಲಿ ಬರೀ 8. ರಾಸ್ಪ್‌ಬೆರ್ರಿಯಲ್ಲಂತೂ ನಾರಿನಂಶನೇ 6 ಗ್ರಾಂ ದಾಟುತ್ತೆ, ನಾರು ಜಾಸ್ತಿ ಇದ್ದಷ್ಟೂ ಸಕ್ಕರೆ ರಕ್ತಕ್ಕೆ ನಿಧಾನಕ್ಕೆ ಸೇರುತ್ತೆ. ನಾಲಿಗೆಗೆ ಹತ್ತೋ ಆ ನೇರಳೆ ಬಣ್ಣ ಇದ್ಯಲ್ಲ, ಅದು ಆಂಥೋಸಯಾನಿನ್, ಪಿಷ್ಟನ ಸಕ್ಕರೆಯಾಗಿ ಒಡೆಯೋ ಎಂಜೈಮ್‌ಗಳನ್ನ ಅದು ಸ್ವಲ್ಪ ತಡೆಯುತ್ತೆ ಅಂತ ಲ್ಯಾಬ್‌ಗಳಲ್ಲಿ ಕಂಡಿದೆ. 2010ರಲ್ಲಿ ಅಮೆರಿಕದಲ್ಲಿ ಇನ್ಸುಲಿನ್ ರೆಸಿಸ್ಟೆನ್ಸ್ (ಮೈ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದೇ ಇರೋದು) ಇದ್ದ ಜನಕ್ಕೆ 6 ವಾರ ಬ್ಲೂಬೆರ್ರಿ ಪುಡಿಯ ಸ್ಮೂದಿ ಕೊಟ್ಟು ನೋಡಿದ್ರು, ಅವರ ಮೈ ಇನ್ಸುಲಿನ್‌ಗೆ ಮೊದಲಿಗಿಂತ ಚೆನ್ನಾಗಿ ಸ್ಪಂದಿಸ್ತು, ಆದ್ರೆ ಅದು 32 ಜನರ ಸಣ್ಣ ಸ್ಟಡಿ. 2013ರಲ್ಲಿ ಬಿಎಂಜೆ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ದೊಡ್ಡ ಸ್ಟಡಿಯಲ್ಲಿ ಇಡೀ ಬ್ಲೂಬೆರ್ರಿ ತಿನ್ನೋರಲ್ಲಿ ಟೈಪ್ 2 ಡಯಾಬಿಟಿಸ್ ಕಡಿಮೆ ಇತ್ತು, ಹಣ್ಣಿನ ಜ್ಯೂಸ್ ಕುಡಿಯೋರಲ್ಲಿ ಸ್ವಲ್ಪ ಜಾಸ್ತಿನೇ ಇತ್ತು. ಹಣ್ಣು ತಿಂದಿದ್ದಕ್ಕೇ ಕಡಿಮೆ ಆಯ್ತು ಅಂತ ಇದ್ರಿಂದ ಸಾಬೀತಾಗಲ್ಲ, ಆದ್ರೂ ಜ್ಯೂಸ್ ವಿಷಯ ಮಾತ್ರ ಮನಸ್ಸಲ್ಲಿ ಇಟ್ಕೊಳ್ಳಿ.

ಹಾಗಾಗಿ ಹಣ್ಣನ್ನ ಹಣ್ಣಾಗೇ ಅಗಿದು ತಿನ್ನಿ. ಒಂದು ಸಲಕ್ಕೆ ಸಣ್ಣ ಬಟ್ಟಲು, 100 ಗ್ರಾಂ ಹತ್ರ, ಸಾಕು. ಸಂಜೆ ಕಾಫಿ ಜೊತೆ ತಿನ್ನೋ ಬಿಸ್ಕೆಟ್ ಜಾಗಕ್ಕೆ ಇದು ಬರ್ಬೇಕು, ಬಿಸ್ಕೆಟ್ ತಿಂದು ಮೇಲೆ ಇದನ್ನೂ ತಿಂದ್ರೆ ಲಾಭ ಇಲ್ಲ. ಸಕ್ಕರೆ ಹಾಕದ ಗಟ್ಟಿ ಮೊಸರು, ನಾಲ್ಕು ಬಾದಾಮಿ ಜೊತೆಗಿದ್ರೆ ಶುಗರ್ ಇನ್ನೂ ನಿಧಾನಕ್ಕೆ ಏರುತ್ತೆ. ಬ್ಲೂಬೆರ್ರಿ ದುಬಾರಿ ಅನ್ನಿಸಿದ್ರೆ ಫ್ರೋಜನ್ ತಗೊಳ್ಳಿ ಏನೂ ತೊಂದ್ರೆ ಇಲ್ಲ, ಇಲ್ಲಾಂದ್ರೆ ನಮ್ಮ ನೇರಳೆನೇ ಇದ್ಯಲ್ಲ, ರೇಷ್ಮೆ ಬೆಳೆಯೋ ಕಡೆ ಇರೋರಿಗೆ ಹಿಪ್ಪುನೇರಳೆ ಹಣ್ಣೂ ಸಿಗುತ್ತೆ. ನೇರಳೆಗೆ ಉಪ್ಪು ಹಾಕ್ಕೊಂಡು ತಿನ್ನೋ ಅಭ್ಯಾಸ ಇದ್ರೆ ಬಿಪಿ ಇರೋರು ಕೈ ಹಿಡಿತದಲ್ಲಿ ಇಟ್ಕೊಳ್ಳಿ.

ಅಂಗಡಿಯಲ್ಲಿ ಸಿಗೋ ಒಣ ಕ್ರ್ಯಾನ್‌ಬೆರ್ರಿ ಪ್ಯಾಕೆಟ್ ಹಿಂದೆ ತಿರುಗಿಸಿ ಓದಿ, ಹೆಚ್ಚಿನವಕ್ಕೆ ಸಕ್ಕರೆ ಹಾಕಿರ್ತಾರೆ, ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಸಕ್ಕರೆನೇ. ಜಾಮ್, ಕ್ರಷ್, ಫ್ಲೇವರ್ಡ್ ಯೋಗರ್ಟ್ ಹೆಸರಲ್ಲಿ ಮಾತ್ರ ಬೆರ್ರಿ.

ನಿಮ್ಮ ಮೈಗೆ ಆಗುತ್ತಾ ಅಂತ ತಿಳ್ಕೊಳ್ಳೋಕೆ ಗ್ಲುಕೋಮೀಟರ್ ಇದ್ರೆ ಒಂದು ಕೆಲಸ ಮಾಡಿ. ಒಂದಿನ ಮಾಮೂಲಿ ತಿಂಡಿ, ಜೊತೆಗೆ ನೀವು ಯಾವಾಗ್ಲೂ ತಿನ್ನೋ ಹಣ್ಣು. ಇನ್ನೊಂದಿನ ಅದೇ ತಿಂಡಿ, ಅಷ್ಟೇ ಪ್ರಮಾಣ, ಹಣ್ಣಿನ ಬದಲು ಒಂದು ಬಟ್ಟಲು ಬೆರ್ರಿ. ಎರಡೂ ದಿನ ತಿನ್ನೋಕೆ ಮುಂಚೆ ಒಂದ್ಸಲ, ಮೊದಲ ತುತ್ತಿಂದ 2 ಗಂಟೆ ಆದ್ಮೇಲೆ ಒಂದ್ಸಲ ಚೆಕ್ ಮಾಡಿ ಬರೆದಿಡಿ, ಮಾತ್ರೆ ವಾಕಿಂಗ್ ಎಲ್ಲ ಒಂದೇ ಥರ ಇರ್ಲಿ. ಚುಚ್ಚೋಕೆ ಮುಂಚೆ ಸೋಪು ನೀರಲ್ಲಿ ಕೈ ತೊಳೆದು ಪೂರ್ತಿ ಒರೆಸ್ಕೊಳ್ಳಿ, ಯಾಕಂದ್ರೆ ಬೆರಳಿಗೆ ಹಣ್ಣಿನ ರಸ ಅಂಟಿದ್ರೆ ಮೀಟರ್ ಸುಳ್ಳೇ ಜಾಸ್ತಿ ತೋರ್ಸುತ್ತೆ, ಬರೀ ಸ್ಯಾನಿಟೈಸರ್ ಹಚ್ಚಿದ್ರೆ ಅದು ಸರಿಯಾಗಿ ಹೋಗಲ್ಲ. ಎರಡು ದಿನದ ಏರಿಕೆಯಲ್ಲಿ ವ್ಯತ್ಯಾಸ ಸ್ವಲ್ಪನೇ ಇದ್ರೆ ಇನ್ನೊಂದೆರಡು ಸಲ ಮಾಡಿ ನೋಡಿ, ಒಂದೇ ರೀಡಿಂಗ್ ನಂಬ್ಕೊಂಡು ತೀರ್ಮಾನ ಬೇಡ.

ಇನ್ನು ನೇರಳೆ ಬೀಜದ ಪುಡಿ. ಹಣ್ಣಿನ ಮಾತೇ ಬೇರೆ, ಪುಡಿದೇ ಬೇರೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಶುಗರ್ ಇಳಿಸೋ ಮಾತ್ರೆ ತಗೊಳ್ಳೋರು ಡಾಕ್ಟರ್‌ಗೆ ಹೇಳದೇ ಪುಡಿ ಶುರು ಮಾಡ್ಬೇಡಿ, ಎರಡೂ ಸೇರಿ ಶುಗರ್ ತೀರಾ ಇಳಿದ್ರೆ ಕೈ ನಡುಕ, ಬೆವರು, ತಲೆಸುತ್ತು ಬರುತ್ತೆ. ಪುಡಿ ತಗೊಳ್ತಿದೀನಲ್ಲ ಅಂತ ಮಾತ್ರೆ ಬಿಡೋದಂತೂ ಬೇಡವೇ ಬೇಡ.