ಹುಲಿಗೆ ಎರಡು ಮಗ್ಗುಲು, ಗಣತಿಗೆ ಎರಡು ಕ್ಯಾಮೆರಾ

ಹುಲಿ ಎಣಿಸುವುದು ಹೇಗೆ ಎಂದು ಯಾರನ್ನಾದರೂ ಕೇಳಿ, ‘ಹೆಜ್ಜೆ ಗುರುತು ನೋಡಿ’ ಅಂದುಬಿಡುತ್ತಾರೆ. ಆ ಕಾಲ ಮುಗಿಯಿತು. ಹೆಜ್ಜೆಯ ಲೆಕ್ಕ ನಂಬಿ ಕೂತಿದ್ದ ರಾಜಸ್ಥಾನದ ಸರಿಸ್ಕಾದಲ್ಲಿ 2005ರ ಹೊತ್ತಿಗೆ ಒಂದೂ ಹುಲಿ ಉಳಿದಿರಲಿಲ್ಲ. ಒಂದೇ ಹುಲಿ ಕೆಸರಿನಲ್ಲಿ ಒಂದು ಥರ, ಒಣ ಧೂಳಿನಲ್ಲಿ ಇನ್ನೊಂದು ಥರ ಹೆಜ್ಜೆ ಊರುತ್ತದಲ್ಲ!

ಆದರೂ ಮೊದಲ ಕೆಲಸ ನಡಿಗೆಯೇ. ಗಾರ್ಡ್, ವಾಚರ್‌ಗಳು ತಮ್ಮ ಬೀಟ್‌ನಲ್ಲಿ, ಅಂದರೆ ತಮ್ಮ ಕಾವಲಿನ ಕಾಡಿನಲ್ಲಿ, ನಡೆದು ಹೆಜ್ಜೆ, ಮಲ, ಮರದ ಮೇಲಿನ ಉಗುರು ಗೀರು ಕಂಡಲ್ಲೆಲ್ಲ ಮೊಬೈಲ್ ಆ್ಯಪ್‌ನಲ್ಲಿ ದಾಖಲಿಸುತ್ತಾರೆ. ಹೆಜ್ಜೆಯಲ್ಲಿ ಉಗುರು ಮೂಡಿದ್ದರೆ ಅದು ನಾಯಿ, ಕತ್ತೆಕಿರುಬದಂಥವುಗಳದು. ಹುಲಿ, ಚಿರತೆ ಉಗುರು ಒಳಗೆಳೆದುಕೊಂಡೇ ನಡೆಯುತ್ತವೆ. ಜಿಂಕೆ, ಕಡವೆ, ಕಾಟಿಗಳ ಲೆಕ್ಕವೂ ಆಗಬೇಕು. ಬೇಟೆ ಇಲ್ಲದ ಕಾಡಿನಲ್ಲಿ ಹುಲಿ ನಿಲ್ಲುವುದಿಲ್ಲ.

ನಂತರ ಕ್ಯಾಮೆರಾ. ನಕ್ಷೆಯನ್ನು 2 ಚದರ ಕಿ.ಮೀ. ಚೌಕಗಳಾಗಿ ಹಂಚಿ, ಚೌಕಕ್ಕೊಂದು ಜೋಡಿ. ಲಂಟಾನದ ಪೊದೆಯೊಳಗೆ ಕಟ್ಟಿ ಫಲವಿಲ್ಲ. ಹುಲಿಗೂ ನಮ್ಮಂತೆ ಸಲೀಸಾದ ದಾರಿಯೇ ಇಷ್ಟ: ಜೀಪ್ ರಸ್ತೆ, ಕಾಳ್ಗಿಚ್ಚು ಹರಡದಂತೆ ಸವರಿದ ಬೆಂಕಿ ರೇಖೆ, ಹಳ್ಳದ ದಂಡೆ. ದಾರಿಯ ಎರಡೂ ಬದಿಗೆ ಹೆಚ್ಚುಕಡಿಮೆ ಮೊಣಕಾಲೆತ್ತರದಲ್ಲಿ ಕಟ್ಟಿ. ಎರಡೇಕೆ? ಎಡ ಮಗ್ಗುಲಿನ ಪಟ್ಟೆಗೂ ಬಲ ಮಗ್ಗುಲಿನ ಪಟ್ಟೆಗೂ ಹೋಲಿಕೆಯೇ ಇಲ್ಲ. ಒಂದೇ ಬದಿಯ ಚಿತ್ರ ಇಟ್ಟುಕೊಂಡರೆ ಒಂದು ಹುಲಿ ಎರಡಾಗಿಬಿಡಬಹುದು. ಹಾಗಂತ ನೇರ ಮುಖಾಮುಖಿ ಇಡಬೇಡಿ, ಒಂದರ ಫ್ಲಾಶ್ ಇನ್ನೊಂದರ ಚಿತ್ರವನ್ನು ಬೆಳ್ಳಗಾಗಿಸುತ್ತದೆ. ಎದುರಿನ ಹುಲ್ಲು ಸವರಿ. ಕೊನೆಗೊಬ್ಬರು ನಾಲ್ಕು ಕಾಲಿನಲ್ಲಿ ಅಂಬೆಗಾಲಿಟ್ಟು ಮುಂದೆ ಹಾದು, ಕ್ಯಾಮೆರಾ ತಾನೇ ಕ್ಲಿಕ್ಕಿಸುತ್ತದೆಯೇ ಎಂದು ನೋಡಬೇಕು. ಜೊತೆಯವರು ನಗುತ್ತಾರೆ, ನಗಲಿ. ಆನೆ ಬಂದು ಕಿತ್ತೆಸೆದರೆ ಮಾತ್ರ ಏನೂ ಮಾಡುವಂತಿಲ್ಲ.

ಕ್ಯಾಮೆರಾ ಮೂರ್ನಾಲ್ಕು ವಾರವಾದರೂ ಅಲ್ಲಿರಬೇಕು. ಆಮೇಲೆ ಕಣ್ಣು ನೋಯುವ ಕೆಲಸ. 2022ರ ದೇಶದ ಗಣತಿಯಲ್ಲಿ 32,588 ಕಡೆಗಳಿಂದ 4.7 ಕೋಟಿ ಚಿತ್ರ ಬಂದವು. ಅದರಲ್ಲಿ ಹುಲಿಯವು 97,399. ಪಟ್ಟೆ ಹೋಲಿಸಿ ಯಾವುದು ಯಾರು ಎಂದು ಸಾಫ್ಟ್‌ವೇರ್ ಸೂಚಿಸುತ್ತದೆ, ಕೊನೆಯ ತೀರ್ಮಾನ ಮನುಷ್ಯರದೇ.

ಕಂಡವನ್ನು ಎಣಿಸಿದರೆ ಮುಗಿಯಲಿಲ್ಲ, ಕಾಣದವು ಎಷ್ಟು? ಜಾತ್ರೆಯಲ್ಲಿ ಸುತ್ತಾಡುವಾಗ ಅವೇ ಮುಖ ಮತ್ತೆ ಮತ್ತೆ ಎದುರಾದರೆ ಜನ ಕಡಿಮೆ ಎಂದು ಗೊತ್ತಾಗುತ್ತದೆ. ಹೆಜ್ಜೆಗೊಂದು ಹೊಸ ಮುಖವಾದರೆ ಇನ್ನೂ ಬಹಳ ಮಂದಿ ಇದ್ದಾರೆಂದೇ ಲೆಕ್ಕ. ಈ ತರ್ಕವನ್ನು ಹುಲಿಗೆ ಮೊದಲು ಒಗ್ಗಿಸಿದ್ದು 1990ರ ದಶಕದಲ್ಲಿ, ನಮ್ಮ ನಾಗರಹೊಳೆಯಲ್ಲೇ, ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು. ಹಾಗಾಗಿ ಬರುವ ಉತ್ತರ ಅಂದಾಜು: 2022ರ ಗಣತಿಯಲ್ಲಿ ದೇಶಕ್ಕೆ ಕನಿಷ್ಠ 3,167, ಗರಿಷ್ಠ 3,925, ಸರಾಸರಿ 3,682. ಕರ್ನಾಟಕದ ಪಾಲು 563. ವರ್ಷ ತುಂಬದ ಮರಿಗಳು ಲೆಕ್ಕಕ್ಕಿಲ್ಲ.

ಚಿರತೆಗೂ ಇದೇ ದಾರಿ, ಪಟ್ಟೆಯ ಬದಲು ಚುಕ್ಕೆ. ಕಬಿನಿಯ ಕರಿಚಿರತೆಗೆ ಚುಕ್ಕೆ ಎಲ್ಲಿಂದ ತರುವುದು ಅಂತೀರಾ? ಅವಗೆಂಪು ಫ್ಲಾಶ್ ಇರುವ ಕ್ಯಾಮೆರಾದ ಮುಂದೆ ರಾತ್ರಿ ಹಾದರೆ ಆ ಕಪ್ಪಿನೊಳಗಿನ ಚುಕ್ಕೆಗಳೂ ಎದ್ದು ಕಾಣುತ್ತವೆ.