ಸಂದರ್ಶನದಲ್ಲಿ ಕೈ ಎಲ್ಲಿಡಬೇಕು?

ಡಿಗ್ರಿ ಮುಗಿಸುವ ಮಕ್ಕಳಿಗೆ ಹಾಸನದಲ್ಲಿ ಪ್ರತಿವರ್ಷ ಅಣಕು ಸಂದರ್ಶನ ಮಾಡಿಸುತ್ತೇನೆ. ಮೇಜಿನ ಆಚೆ ನಾವು ಮೂವರು, ಈಚೆ ಒಂದು ಪ್ಲಾಸ್ಟಿಕ್ ಕುರ್ಚಿ. ಅರಸೀಕೆರೆ, ಆಲೂರು, ಅರಕಲಗೂಡಿನಿಂದ ಬೆಳಗಿನ ಬಸ್ಸು ಹಿಡಿದು ಬಂದವರು ಆ ಕುರ್ಚಿಯಲ್ಲಿ ಕೂತು ಉತ್ತರವನ್ನೇನೋ ಚೆನ್ನಾಗಿಯೇ ಹೇಳುತ್ತಾರೆ. ಕೆಡಿಸುವುದು ಕೈ. ಹೋದ ಸಲ ಒಬ್ಬ ಹುಡುಗ ಮಾತಾಡುವಷ್ಟು ಹೊತ್ತೂ ಬಾಲ್‌ಪೆನ್ನನ್ನು ಟಿಕ್ ಟಿಕ್ ಅನ್ನಿಸುತ್ತಲೇ ಇದ್ದ. ಅವನು ಹೊರಗೆ ಹೋದ ಮೇಲೆ, 'ಪ್ರಾಜೆಕ್ಟ್ ಬಗ್ಗೆ ಏನಂದ?' ಅಂತ ಪಕ್ಕದವರನ್ನು ಕೇಳಿದೆ. '39' ಅಂದರು. ಟಿಕ್ ಎಣಿಸುತ್ತಾ ಕೂತಿದ್ದರಂತೆ.

ಶುರುವಿಗೆ ಮುಂಚೆ ಸ್ವಲ್ಪ ಕಸ ಗುಡಿಸೋಣ. 'ಸಂವಹನದಲ್ಲಿ ಮಾತಿನ ಪಾಲು ಶೇ 7, ದನಿ ಶೇ 38, ದೇಹಭಾಷೆ ಶೇ 55' ಎಂದು ವ್ಯಕ್ತಿತ್ವ ವಿಕಸನದವರು ಬೋರ್ಡಿನ ಮೇಲೆ ಬರೆದು ತೋರಿಸುತ್ತಾರೆ. ಈ ಲೆಕ್ಕದ ಮೂಲ ಆಲ್ಬರ್ಟ್ ಮೆಹ್ರೇಬಿಯನ್ ಎಂಬ ಮನಶ್ಶಾಸ್ತ್ರಜ್ಞ 1967ರಲ್ಲಿ ಪ್ರಕಟಿಸಿದ ಪ್ರಯೋಗಗಳು. ಆತ ನೋಡಿದ್ದು ಬಿಡಿ ಪದಗಳನ್ನು. ಪದ ಒಂದು ಹೇಳಿ, ದನಿಯೋ ಮುಖವೋ ಇನ್ನೊಂದು ಹೇಳಿದರೆ, ಹೇಳಿದವರ ಮನಸ್ಸಿನಲ್ಲಿ ಪ್ರೀತಿ ಇದೆಯೋ ಇಲ್ಲವೋ ಎಂದು ಕೇಳುವವರು ಯಾವುದರಿಂದ ಊಹಿಸುತ್ತಾರೆ ಎಂಬುದಷ್ಟೇ ಅಲ್ಲಿನ ಪ್ರಶ್ನೆ. ಎಲ್ಲ ಮಾತಿಗೂ ಅದೇ ಲೆಕ್ಕ ಅನ್ವಯಿಸುವುದಾಗಿದ್ದರೆ ಏನೂ ಓದದವನು ನೆಟ್ಟಗೆ ಕೂತೇ ವೈವಾದಲ್ಲಿ 93 ಅಂಕ ಹೊಡೆಯಬಹುದಿತ್ತು.

ಹಂತ 1: ರೋಗ ಯಾವುದು ಅಂತ ತಿಳಿದುಕೊಳ್ಳಿ. ಕನ್ನಡಿ ಬೇಡ. ಕನ್ನಡಿ ಮುಂದೆ ಕೂತಾಗ ಕೈ ಮಾವನ ಮನೆಗೆ ಬಂದ ಹೊಸ ಅಳಿಯನಷ್ಟು ಸಭ್ಯವಾಗಿರುತ್ತದೆ. ಮೇಜಿನ ಮೇಲೆ ಒಂದು ಚೊಂಬಿಟ್ಟು ಅದಕ್ಕೆ ಫೋನು ಒರಗಿಸಿ, ಐದಾರು ಅಡಿ ದೂರ ಕೂತು, ತಮ್ಮನನ್ನೋ ತಂಗಿಯನ್ನೋ ಪ್ರಶ್ನೆ ಕೇಳಲು ಹಚ್ಚಿ. ಐದು ನಿಮಿಷ ಸಾಕು. ಆಮೇಲೆ ಆ ವಿಡಿಯೊವನ್ನು ಸದ್ದು ಅಡಗಿಸಿ, ಎರಡರಷ್ಟು ವೇಗದಲ್ಲಿ ನೋಡಿ. ಮೂಗು ಮುಟ್ಟುವುದು, ಉಂಗುರ ತಿರುಗಿಸುವುದು, ವೇಲಿನ ತುದಿ ಸುತ್ತುವುದು, ಯಾವುದು ಮತ್ತೆ ಮತ್ತೆ ಬರುತ್ತದೋ ಅದೇ ನಿಮ್ಮದು. ಸಾಮಾನ್ಯವಾಗಿ ಒಂದೇ ಇರುತ್ತದೆ, ಹೆಚ್ಚೆಂದರೆ ಎರಡು.

ಹಂತ 2: ಕೈಗೊಂದು ಮನೆ ಮಾಡಿಕೊಡಿ. ಜನ ಎಡವುವುದು ಇಲ್ಲೇ. ಪೌಲ್ ಎಕ್ಮನ್ ಮತ್ತು ವ್ಯಾಲೇಸ್ ಫ್ರೀಸನ್ 1969ರಲ್ಲಿ ಮೈಯ ಸನ್ನೆಗಳನ್ನು ಐದು ಬಗೆಯಾಗಿ ವಿಂಗಡಿಸಿದ್ದರು. ಅದರಲ್ಲಿ ನಮಗೆ ಬೇಕಾದ್ದು ಎರಡು: ಮಾತನ್ನು ಚಿತ್ರಿಸಿ ತೋರಿಸುವ ಸನ್ನೆ, ಕಳವಳ ಕಳೆದುಕೊಳ್ಳಲು ತನ್ನನ್ನು ತಾನೇ ಮುಟ್ಟಿಕೊಳ್ಳುವ ಸನ್ನೆ. 'ಇಷ್ಟಗಲದ ಕಾಲುವೆ' ಅನ್ನುತ್ತಾ ಅಂಗೈ ಅಗಲಿಸುವುದು ಮೊದಲನೆಯದು. ಅದನ್ನು ತಡೆಯಬೇಡಿ, ಮಾತು ಕಳೆಗಟ್ಟುವುದೇ ಅದರಿಂದ. ಕೂದಲು ತೀಡುವುದು ಎರಡನೆಯದು. ನಿಲ್ಲಿಸಬೇಕಾದ್ದು ಇದನ್ನು. ಎರಡನ್ನೂ ಒಟ್ಟಿಗೆ ಕಟ್ಟಿಹಾಕಿ ಕೊರಡಿನಂತೆ ಕೂರುವವರೇ ಹೆಚ್ಚು.

ಕೂತಾಗ ಕೈಯ ಮನೆ ತೊಡೆ. ಎಡ ಅಂಗೈ ತೊಡೆಯ ಮೇಲೆ, ಬಲಗೈ ಅದರ ಮೇಲೆ ಸಡಿಲವಾಗಿ. ಬೆರಳು ಹೆಣೆಯಬೇಡಿ, ಹೆಣೆದ ಬೆರಳು ಒಂದು ನಿಮಿಷದಲ್ಲಿ ನೆಟಿಗೆ ಮುರಿಯಲು ಶುರುಮಾಡುತ್ತದೆ. ವಿವರಿಸುವಾಗ ಕೈ ಮನೆಯಿಂದ ಹೊರಡಲಿ, ಎದೆಗಿಂತ ಮೇಲೆ ಹೋಗದಿರಲಿ, ವಾಕ್ಯ ಮುಗಿದಾಗ ಹಿಂದಿರುಗಲಿ. ಹೊರಡುವುದು ತಾನಾಗಿಯೇ ಬರುತ್ತದೆ, ಅಭ್ಯಾಸ ಮಾಡಬೇಕಾದ್ದು ಹಿಂದಿರುಗುವುದನ್ನು. 'ಮಿಸ್, ಕೈ ಸುಮ್ನೆ ಇಡೋಕೇ ಆಗಲ್ಲ' ಅಂದಳು ಒಬ್ಬಳು. 'ಶೂ ಒಳಗೆ ಕಾಲಿನ ಹೆಬ್ಬೆರಳು ಆಡಿಸಮ್ಮ, ಯಾರಿಗೂ ಕಾಣಲ್ಲ' ಅಂದೆ. ಮುಂದಿನ ಸುತ್ತಿಗೆ ವೇಲು ಸುತ್ತುವುದು ಅರ್ಧಕ್ಕರ್ಧ ಇಳಿದಿತ್ತು. ಪೆನ್ನು, ಉಂಗುರ, ಕೀ ಗೊಂಚಲು ಒಳಗೆ ಒಯ್ಯಲೇಬೇಡಿ. ನನ್ನ ಮೊದಲ ಸಂದರ್ಶನದಲ್ಲಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ, ಹೊರಗೆ ಬಂದಾಗ ಜರಿಯ ಎಳೆಯೊಂದು ಕೈಯಲ್ಲೇ ಉಳಿದಿತ್ತು. ಕೆಲಸ ಸಿಗಲಿಲ್ಲ. ಸೀರೆ ಅಕ್ಕನದು.

ನಿಂತು ಮಾತಾಡಬೇಕಾಗಿ ಬಂದರೆ ಶ್ರವಣಬೆಳಗೊಳವನ್ನು ನೆನೆಸಿಕೊಳ್ಳಿ. 58 ಅಡಿಯ ಬಾಹುಬಲಿ ನಿಂತಿರುವುದು ಕಾಯೋತ್ಸರ್ಗದಲ್ಲಿ. ತೋಳು ನೇರ ಇಳಿಬಿದ್ದಿದೆ, ಆದರೆ ತೋಳಿಗೂ ಮೈಗೂ ನಡುವೆ ಸಂದಿದೆ. ಸಿಪಾಯಿಯ ಬಿಗಿತ ಇಲ್ಲ. ಬಳ್ಳಿ ತೋಳಿನವರೆಗೆ ಹಬ್ಬಿದರೂ ಕೈ ಕದಲಿಲ್ಲ. ಸೊಂಟ ವಾಲಿಸಿ, ಒಂದೇ ಕಾಲಿಗೆ ಭಾರ ಹಾಕಿ ನಿಂತರೆ ಬೇಲೂರಿನ ಮದನಿಕೆಯರಿಗೆ ಚೆಂದ, ನಿಮಗಲ್ಲ.

ಇನ್ನು ಕೈ ಕಟ್ಟುವ ವಿಚಾರ. 'ಕೈ ಕಟ್, ಬಾಯ್ ಮುಚ್' ಎಂದು ಒಂದನೇ ಕ್ಲಾಸಿನಿಂದ ಕಲಿತು ಬಂದವರು ನಾವು. ಹಿರಿಯರ ಎದುರು ಕೈ ಕಟ್ಟಿದರೆ ನಮ್ಮ ಕಡೆ ಅದು ವಿನಯ. ಬಸ್ ಸ್ಟಾಂಡಿನಲ್ಲಿ ಸಿಗುವ ದೇಹಭಾಷೆಯ ಪುಸ್ತಕದಲ್ಲಿ ಅದೇ ಕೈ 'ಏನೋ ಮುಚ್ಚಿಡುತ್ತಿದ್ದಾನೆ'. ಆ ಪುಸ್ತಕಗಳು ನನಗೆ ಅಷ್ಟಕ್ಕಷ್ಟೇ. ಒಂದು ಸನ್ನೆಗೆ ಒಂದೇ ಅರ್ಥ ಅನ್ನುವುದು ಹಲ್ಲಿಶಾಸ್ತ್ರದ ಜಾತಿಗೆ ಸೇರಿದ್ದು. ಆದರೂ ಕಟ್ಟಬೇಡಿ. ಎದುರು ಕೂತವರು ಆ ಪುಸ್ತಕ ಓದಿರಬಹುದು.

ಹಂತ 3: ಒಳಗೆ ಹೋಗುವುದು. ಬಾಗಿಲಲ್ಲಿ ನಮಸ್ಕಾರ, ಅವರು ಕೈ ಚಾಚಿದರೆ ಮಾತ್ರ ಕೈ ಕುಲುಕಿ, ಕೂರಿ ಅಂದ ಮೇಲೆ ಕೂರಿ, ಫೈಲು ನಿಮ್ಮ ತೊಡೆಯ ಪಕ್ಕದಲ್ಲಿರಲಿ, ಅವರ ಮೇಜಿನ ಮೇಲಲ್ಲ.

ಒಳಹೋಗುವ ಮುನ್ನ ಟಾಯ್ಲೆಟ್ಟಿನಲ್ಲಿ ಎರಡು ನಿಮಿಷ ಸೊಂಟದ ಮೇಲೆ ಕೈಯಿಟ್ಟು ವೀರನಂತೆ ನಿಂತರೆ ಹಾರ್ಮೋನು ಬದಲಾಗಿ ಧೈರ್ಯ ಬರುತ್ತದೆ ಎಂಬ ಸುಲಭದ ದಾರಿಯೊಂದು ಚಾಲ್ತಿಯಲ್ಲಿದೆ. 2010ರ ಅಧ್ಯಯನದ ಮಾತು ಅದು. 2015ರಲ್ಲಿ ಹೆಚ್ಚು ಜನರ ಮೇಲೆ ಮತ್ತೆ ಮಾಡಿ ನೋಡಿದಾಗ ಹಾರ್ಮೋನು ಬದಲಾಗಲಿಲ್ಲ. ಮೂಲ ಲೇಖಕರಲ್ಲೊಬ್ಬರಾದ ಡೇನಾ ಕಾರ್ನಿ ಮಾರನೇ ವರ್ಷ ತಮಗೇ ಅದರಲ್ಲಿ ನಂಬಿಕೆ ಉಳಿದಿಲ್ಲ ಅಂದರು. ಆ ಎರಡು ನಿಮಿಷದಲ್ಲಿ ನೀರು ಕುಡಿದು ಅಂಗೈ ಒರೆಸಿಕೊಳ್ಳಿ. ಅಂದಹಾಗೆ ಪಾಲಿಯೆಸ್ಟರ್ ಶರ್ಟು ಬೇಡ, ಬೆವರಿದರೆ ಕಂಕುಳು ಸಾರಿ ಹೇಳುತ್ತದೆ.

ಹಂತ 4: ಕಣ್ಣು, ತಲೆ. ಪ್ರಶ್ನೆ ಕೇಳಿದವರನ್ನು ನೋಡಿ ಉತ್ತರ ಶುರುಮಾಡಿ, ನಡುವೆ ಉಳಿದಿಬ್ಬರ ಕಡೆ ಕಣ್ಣು ಹಾಯಿಸಿ, ಮುಗಿಸುವಾಗ ಕೇಳಿದವರ ಹತ್ತಿರ ಬನ್ನಿ. ನೆಟ್ಟ ನೋಟ ಬೇಡ. ದೊಡ್ಡವರೆದುರು ಕಣ್ಣು ತಗ್ಗಿಸಿ ಬೆಳೆದ ಹೆಣ್ಣುಮಕ್ಕಳಿಗೆ ಇದು ಕಷ್ಟ. ಹುಬ್ಬುಗಳ ನಡುವೆ ನೋಡಿ, ಕಣ್ಣು ನೋಡಿದಂತೆಯೇ ಕಾಣುತ್ತದೆ. ಆನ್‌ಲೈನ್ ಆದರೆ ಮಾತಾಡುವಾಗ ಕ್ಯಾಮೆರಾದ ತೂತನ್ನೇ ನೋಡಿ.

ತಲೆಯದು ಬೇರೆಯೇ ಕಥೆ. 'ಆಯ್ತು' ಅನ್ನಲು ನಾವು ತಲೆಯನ್ನು ಆಚೀಚೆ ವಾಲಿಸುತ್ತೇವೆ. ಆಚೆಯವರು ಹೊರದೇಶದವರಾದರೆ 'ಇಲ್ಲ' ಎಂದುಕೊಂಡುಬಿಡಬಹುದು. ತಲೆ ಏನಾದರೂ ಮಾಡಿಕೊಳ್ಳಲಿ, ಬಾಯಲ್ಲಿ 'ಹೌದು ಸಾರ್' ಅಂದುಬಿಡಿ. ಪ್ರಶ್ನೆ ಮುಗಿಯುವ ಮೊದಲೇ ಕೋಲೆಬಸವನ ಹಾಗೆ ತಲೆಯಾಡಿಸಿದರೆ ಮಾತ್ರ ಕೇಳಿಸಿಕೊಳ್ಳುತ್ತಿಲ್ಲ ಅಂತಲೇ ನಾವು ಬರೆದುಕೊಳ್ಳುತ್ತೇವೆ.

ಹಂತ 5: ಏಳುವುದು. ಕುರ್ಚಿ ಎಳೆಯದೆ ಎತ್ತಿ ಸರಿಸಿ, ನಮಸ್ಕಾರ ಹೇಳಿ, ಬಾಗಿಲು ಮೆತ್ತಗೆ ಹಾಕಿ. ನಮ್ಮ ಕೋಣೆಯ ಕಿಟಕಿ ಕಾರಿಡಾರಿನ ಕಡೆಗಿದೆ. ಹೊರಗೆ ಹೋದವರು ಮುಷ್ಟಿ ಕುಣಿಸುವುದು, ಹಣೆ ಚಚ್ಚಿಕೊಳ್ಳುವುದು ಎಲ್ಲವೂ ನಮಗೆ ಕಾಣಿಸುತ್ತದೆ, ಅಂಕ ಇನ್ನೂ ಬರೆದಿರುವುದಿಲ್ಲ. ಬಸ್ ಸ್ಟಾಂಡ್ ಮುಟ್ಟುವವರೆಗೆ ತಡೆದುಕೊಳ್ಳಿ.